ಮಿಸಿಸಿಪ್ಪಿ ಹುಟ್ಟುವ ಸರೋವರದ ದಡದಲ್ಲಿ ಡೇರೆ ಹಾಕುವುದು ಹೇಗೆ?

ಅಮೆರಿಕದ ಮಿನ್ನೆಸೋಟ ರಾಜ್ಯದ ಇಟಾಸ್ಕಾ ಸ್ಟೇಟ್ ಪಾರ್ಕಿಗೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಮಾಡುವುದು ಒಂದೇ ಕೆಲಸ. ಮಿನ್ನಿಯಾಪೊಲಿಸ್‌ನಿಂದ ಸುಮಾರು ನಾಲ್ಕು ತಾಸು ಕಾರು ಓಡಿಸುತ್ತಾರೆ, ಮಿಸಿಸಿಪ್ಪಿ ನದಿ ಇಟಾಸ್ಕಾ ಸರೋವರದಿಂದ ಹೊರಬೀಳುವ ಕಲ್ಲುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆಯೊಳಗೆ ವಾಪಸು ಹೊರಡುತ್ತಾರೆ. ಅಷ್ಟು ದೂರ ಹೋಗಿ ಅಷ್ಟನ್ನೇ ನೋಡಿ ಬರುವುದು ನಷ್ಟದ ವ್ಯವಹಾರ. ಆ ಕಲ್ಲುಗಳ ಸಾಲು ಕೂಡ ಪ್ರಕೃತಿ ಇಟ್ಟದ್ದಲ್ಲ. ಅಲ್ಲಿದ್ದ ಜೌಗನ್ನು ತಿದ್ದಿ, ಕಾಲುವೆ ಸರಿಪಡಿಸಿ, ಕಲ್ಲು ಜೋಡಿಸಿದ್ದು 1930ರ ದಶಕದಲ್ಲಿ, ನಿರುದ್ಯೋಗಿ ಯುವಕರಿಗೆಂದು ಸರ್ಕಾರ ಕಟ್ಟಿದ್ದ ಕೆಲಸಗಾರರ ದಳ. ಅಲ್ಲಿನ ನಿಜವಾದ ಹಳೆಯ ಆಸ್ತಿ ಎಂದರೆ ಇನ್ನೂರು ವರ್ಷ ದಾಟಿದ ಕೆಂಪು ಪೈನ್ ಮರಗಳು ಮತ್ತು 32,000 ಎಕರೆ ಕಾಡಿನೊಳಗೆ ಚದುರಿಬಿದ್ದಿರುವ ನೂರಕ್ಕೂ ಹೆಚ್ಚು ಕೆರೆಗಳು. ಅವು ದಕ್ಕಬೇಕಾದರೆ ಕನಿಷ್ಠ ಎರಡು ರಾತ್ರಿ ಅಲ್ಲಿಯೇ ಮಲಗಬೇಕು.

ಜಾಗ ಕಾದಿರಿಸುವುದು

ಮಿನ್ನೆಸೋಟದ ಸ್ಟೇಟ್ ಪಾರ್ಕುಗಳಲ್ಲಿ ಕ್ಯಾಂಪ್‌ಸೈಟ್‌ಗಳನ್ನು 120 ದಿನ ಮೊದಲೇ ಆನ್‌ಲೈನ್‌ನಲ್ಲಿ ಕಾದಿರಿಸಬಹುದು. ಜುಲೈ ತಿಂಗಳ ಶನಿವಾರ ಬೇಕಾದರೆ ಮಾರ್ಚಿನಲ್ಲಿಯೇ ಕ್ಯಾಲೆಂಡರ್ ನೋಡಬೇಕೆಂದು ಅರ್ಥ. ಊರಿನಿಂದ ಅಪ್ಪ ಅಮ್ಮ ಬಂದ ಮೇಲೆ ಯೋಚಿಸೋಣವೆಂದು ಕುಳಿತರೆ ಸಿಗುವುದು ಮಂಗಳವಾರ, ಬುಧವಾರಗಳು ಮಾತ್ರ. ಹಾಗೆ ನೋಡಿದರೆ ಅದೇ ಒಳ್ಳೆಯದು. ರಜೆ ಹಾಕಲು ಸಾಧ್ಯವಿದ್ದರೆ ವಾರದ ನಡುವೆಯೇ ಹೋಗಿ. ವಾರಾಂತ್ಯವೇ ಬೇಕೆನ್ನುವವರು ಯಾರಾದರೂ ರದ್ದು ಮಾಡಿದರೆ ಸಂದೇಶ ಕಳುಹಿಸುವ ಸೌಲಭ್ಯಕ್ಕೆ ಹೆಸರು ನೋಂದಾಯಿಸಿಡಬಹುದು.

ಇಲ್ಲಿ ಪೈನ್ ರಿಜ್, ಬೇರ್ ಪಾ ಎಂಬ ಎರಡು ಶಿಬಿರ ಪ್ರದೇಶಗಳಿದ್ದು, ಒಟ್ಟು ಇನ್ನೂರಕ್ಕೂ ಹೆಚ್ಚು ತಾಣಗಳಿವೆ. ನೀರಿನ ಹತ್ತಿರ ಇರಬೇಕೆನ್ನುವವರಿಗೆ ಬೇರ್ ಪಾ ವಾಸಿ. ಅಲ್ಲಿನ ಕೆಲವು ತಾಣಗಳಿಗೆ ಕಾರು ಹೋಗುವುದಿಲ್ಲ. ಸಾಮಾನನ್ನು ಕೈಗಾಡಿಯಲ್ಲಿ ಎಳೆದುಕೊಂಡು ಹೋಗಬೇಕು. ಈ ಒಂದು ತೊಂದರೆಯಿಂದಾಗಿಯೇ ಅಲ್ಲಿ ಗದ್ದಲ ಕಡಿಮೆ. ಒಂದು ತಾಣಕ್ಕೆ ಸಾಮಾನ್ಯವಾಗಿ ಆರು ಜನರ ಮಿತಿ ಇದೆ. ನಾಲ್ಕು ಸಂಸಾರ ಸೇರಿ ಹೊರಡುವುದಾದರೆ ಪಕ್ಕಪಕ್ಕದ ತಾಣಗಳನ್ನು ಹಿಡಿಯಿರಿ, ಇಲ್ಲವೇ ದೊಡ್ಡ ತಂಡಗಳಿಗೆಂದೇ ಇರುವ ಶಿಬಿರ ಕೇಳಿ. ಕ್ಯಾಂಪ್‌ಸೈಟ್ ಶುಲ್ಕವಲ್ಲದೆ ವಾಹನದ ಪರವಾನಗಿಯನ್ನೂ ಬೇರೆಯಾಗಿ ಪಡೆಯಬೇಕು.

ಮಂಡಿನೋವಿನ ಹಿರಿಯರನ್ನು ನೆಲದ ಮೇಲೆ ಮಲಗಿಸುವ ಹಟ ಬೇಡ. ಮಂಚ, ಬಾಗಿಲು ಇರುವ ಸಣ್ಣ ಮರದ ಗುಡಿಸಲುಗಳು ಬಾಡಿಗೆಗೆ ಸಿಗುತ್ತವೆ. 1905ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಡಗ್ಲಸ್ ಲಾಡ್ಜ್ ಕೂಡ ಬೇಸಿಗೆಯಲ್ಲಿ ತೆರೆದಿರುತ್ತದೆ. ಹಿರಿಯರು ಅಲ್ಲಿ, ಕಿರಿಯರು ಡೇರೆಯಲ್ಲಿ ಎಂದು ಹಂಚಿಕೊಂಡರೆ ಬೆಳಿಗ್ಗೆ ಎಲ್ಲರ ಮುಖವೂ ನಗುತ್ತಿರುತ್ತದೆ.

ಗಂಟು ಕಟ್ಟುವುದು

ಜುಲೈಯಲ್ಲಿ ಹಗಲು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ರಾತ್ರಿ 12ಕ್ಕೆ ಇಳಿಯುವುದು ಮಾಮೂಲು. ಚಳಿ ಮೇಲಿನಿಂದ ಬರುತ್ತದೆಂದು ತಿಳಿದು ಎಲ್ಲರೂ ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಳ್ಳುತ್ತಾರೆ. ಮೈ ಬಿಸಿಯನ್ನು ಹೆಚ್ಚು ಹೀರುವುದು ಕೆಳಗಿನ ನೆಲ. ಗಾಳಿ ತುಂಬಿದ ಬರಿಯ ಹಾಸಿಗೆಯೂ ತಣ್ಣಗೆ ಕೊರೆಯುತ್ತದೆ. ಚಳಿ ತಡೆಯುವಂಥ ಕ್ಯಾಂಪಿಂಗ್ ಚಾಪೆ, ಅದಿಲ್ಲದಿದ್ದರೆ ಗಾಳಿಹಾಸಿಗೆಯ ಮೇಲೆ ದಪ್ಪ ಕಂಬಳಿ ಹಾಸಿಕೊಳ್ಳಿ. ತಲೆಗೆ ಟೋಪಿ, ಕಾಲಿಗೆ ಒಣಗಿದ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಮಲಗುವುದಕ್ಕೆಂದೇ ತೆಗೆದಿಡಿ. ಹೆಡ್‌ಲ್ಯಾಂಪ್ ತಲೆಗೊಂದರಂತೆ ಇರಲಿ. ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ಬುಕಿಂಗ್ ಚೀಟಿಯನ್ನೂ ನಕ್ಷೆಯನ್ನೂ ಮೊದಲೇ ಇಳಿಸಿಕೊಂಡಿರಬೇಕು.

ಕಟ್ಟಿಗೆಯನ್ನು ಮಾತ್ರ ಮನೆಯಿಂದ ಒಯ್ಯಬೇಡಿ. ಆಶ್ ಮರಗಳನ್ನು ಕೊಲ್ಲುವ ಹಸಿರು ಕೊರಕ ಹುಳು ಇಂಥ ಸೌದೆಯೊಳಗೆ ಅಡಗಿ ಕಾಡಿನಿಂದ ಕಾಡಿಗೆ ಪ್ರಯಾಣ ಮಾಡುತ್ತದೆ. ಹಾಗಾಗಿ ಪಾರ್ಕಿನಲ್ಲಿ ಅನುಮೋದಿತ ಸೌದೆಗಷ್ಟೇ ಅವಕಾಶವಿದೆ; ಅಲ್ಲಿಯೇ ಕೊಂಡರೆ ತಲೆನೋವಿಲ್ಲ. ನೆಲಕ್ಕೆ ಬಿದ್ದ ಕೊಂಬೆಗಳನ್ನು ಆರಿಸುವ ಹಾಗೂ ಇಲ್ಲ.

ಡೇರೆ ನಿಲ್ಲಿಸುವುದು

ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ನಂತರವಾದ್ದರಿಂದ ಗಡಿಬಿಡಿ ಬೇಕಿಲ್ಲ. ಸಮತಟ್ಟು ಜಾಗ ನೋಡಿ, ಕಡ್ಡಿ ಕಲ್ಲು ತೆಗೆಯಿರಿ. ತಲೆಯೆತ್ತಿ ಮೇಲೆಯೂ ನೋಡಿ: ಒಣಗಿದ ಕೊಂಬೆಯ ಕೆಳಗೆ ಡೇರೆ ಹಾಕಬಾರದು. ಡೇರೆಯ ಕೆಳಗೆ ಹಾಸುವ ಟಾರ್ಪಾಲಿನ್ ಅದರ ಅಂಚಿಗಿಂತ ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ನಿಮ್ಮ ಬೆನ್ನಿನ ಕೆಳಗೆ ತರುತ್ತದೆ, ಆದ್ದರಿಂದ ಅದನ್ನು ಒಳಕ್ಕೆ ಮಡಚಿ. ಗೂಟಗಳನ್ನು ಡೇರೆಯಿಂದ ಹೊರಕ್ಕೆ ವಾಲುವಂತೆ ಹೊಡೆಯಿರಿ. ಆಕಾಶ ಎಷ್ಟೇ ಶುಭ್ರವಾಗಿದ್ದರೂ ಮೇಲಿನ ಮಳೆಹೊದಿಕೆ ಕಟ್ಟಿಯೇ ಮಲಗಬೇಕು.

ಅಡುಗೆ, ಕರಡಿ ಮತ್ತು ಇಂಗಿನ ವಾಸನೆ

ಇದು ಕಪ್ಪು ಕರಡಿಗಳ ಸೀಮೆ. ಸಾಮಾನ್ಯವಾಗಿ ಅವು ಮನುಷ್ಯರನ್ನು ಕಂಡರೆ ದೂರ ಸರಿಯುವ ಪ್ರಾಣಿಗಳು, ಆದರೆ ಮೂಗು ಬಹಳ ಚುರುಕು. ಜನರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಪ್ರಾಣ ಕಳೆದುಕೊಳ್ಳುವುದು ಅದೇ. ನಮ್ಮ ಬುತ್ತಿಯಲ್ಲಿರುವ ಇಂಗು, ತುಪ್ಪ, ಹುರಿದ ಕಡಲೆಬೀಜದ ಪರಿಮಳ ಬ್ರೆಡ್ಡಿನದಕ್ಕಿಂತ ಬಹು ದೂರ ಹೋಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಒಗ್ಗರಣೆ ಕೆಲಸವನ್ನೆಲ್ಲ ಮನೆಯಲ್ಲಿಯೇ ಮುಗಿಸಿಕೊಳ್ಳಿ. ರವೆ ಹುರಿದು, ಒಗ್ಗರಣೆ ಕಲಸಿ ಡಬ್ಬಿಗೆ ತುಂಬಿದರೆ ಅಲ್ಲಿ ಕುದಿಯುವ ನೀರು ಹಾಕಿದ ಹತ್ತು ನಿಮಿಷಕ್ಕೆ ಉಪ್ಪಿಟ್ಟು ಸಿದ್ಧ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ ಇದ್ದರೆ ಎರಡು ದಿನ ತಳ್ಳಬಹುದು. ಮೊಸರಿಗೆ ಐಸ್ ಪೆಟ್ಟಿಗೆ ಬೇಕು. ಹಾಲು, ತರಕಾರಿ ಮರೆತರೆ ದಕ್ಷಿಣಕ್ಕೆ ಪಾರ್ಕ್ ರಾಪಿಡ್ಸ್, ಉತ್ತರಕ್ಕೆ ಬೆಮಿಡ್ಜಿ ಪಟ್ಟಣಗಳಿವೆ. ಕರಿಬೇವು ಮರೆತರೆ ಮರೆತಂತೆಯೇ. ಆ ಕಡೆಯ ಅಂಗಡಿಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರು ಕೆರೆಗಳಲ್ಲಿ ದೋಣಿ ನಡೆಸಿ ಕೊಯ್ಯುವ ಕಾಡು ಅಕ್ಕಿ ಸಿಕ್ಕರೆ ಒಂದು ಚೀಲ ಕೊಳ್ಳಿ. ಬೆಂದಾಗ ಬಾಯಿ ಬಿಡುವ ಉದ್ದನೆಯ ಕಾಳು ಅದು. ಅನ್ನದಂತೆ ಸಾರಿಗೆ ಹೊಂದುವುದಿಲ್ಲ, ಈರುಳ್ಳಿ ಹಾಕಿ ಹುರಿದರೆ ಬಹಳ ಚೆನ್ನ.

ಒಲೆಯ ವಿಷಯದಲ್ಲಿ ನನ್ನ ಮಾತು ಇಷ್ಟೇ: ಅಡುಗೆಗೆ ಗ್ಯಾಸ್ ಒಲೆ, ಹರಟೆಗೆ ಸೌದೆಯ ಬೆಂಕಿ. ಬೆಂಕಿಯನ್ನು ಅದಕ್ಕೆಂದು ಹೂತಿಟ್ಟಿರುವ ಕಬ್ಬಿಣದ ಬಳೆಯೊಳಗೆ ಮಾತ್ರ ಹೊತ್ತಿಸಬೇಕು. ಮಲಗುವ ಮೊದಲು ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯ ಮೇಲೆ ಅಂಗೈ ಹಿಡಿದರೆ ಬಿಸಿ ತಾಗದಂತೆ ಆರಿಸಬೇಕು. ಊಟವಾದ ಕೂಡಲೇ ಆಹಾರ, ಐಸ್ ಪೆಟ್ಟಿಗೆ, ಎಂಜಲು ಪಾತ್ರೆ, ಟೂತ್‌ಪೇಸ್ಟ್, ಸೋಪು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ಸಹಿತ ವಾಸನೆಯ ವಸ್ತುವೆಲ್ಲ ಕಾರಿನೊಳಗೆ ಹೋಗಬೇಕು, ಗಾಜು ಮುಚ್ಚಿರಬೇಕು. ಕೈಗಾಡಿಯ ತಾಣ ಹಿಡಿದವರು ಕಾರಿನವರೆಗೆ ನಡೆಯಲು ಸೋಮಾರಿತನ ಮಾಡಬಾರದು. ಮಕ್ಕಳು ಡೇರೆಯೊಳಗೆ ಚಕ್ಕುಲಿ ಮೆಲ್ಲುವುದಕ್ಕೆ ಅಜ್ಜಿಯರ ಒಪ್ಪಿಗೆ ಇದ್ದರೂ ನಿಮ್ಮ ಒಪ್ಪಿಗೆ ಇರಬಾರದು. ಪಾತ್ರೆಯನ್ನು ಸರೋವರದಲ್ಲಾಗಲಿ ಕುಡಿಯುವ ನೀರಿನ ನಲ್ಲಿಯ ಕೆಳಗಾಗಲಿ ತೊಳೆಯುವಂತಿಲ್ಲ.

ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಮೌನದ ಹೊತ್ತು. ಅಂತ್ಯಾಕ್ಷರಿಯನ್ನು ಒಂಬತ್ತೂವರೆಗೆ ಮುಗಿಸಿದರೆ ಆಮೇಲೆ ನೀರಿನ ಕಡೆಯಿಂದ ಲೂನ್ ಹಕ್ಕಿಯ ಕೂಗು ಕೇಳಬಹುದು. ಯಾರೋ ಅಳುವುದೋ ನಗುವುದೋ ತಿಳಿಯದಂಥ ಆ ಕೂಗಿಗೆ ಹೊಸಬರು ಬೆಚ್ಚುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಡಿ.

ಉಣುಗಿನ ಲೆಕ್ಕ

ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಪಾಠ ಬೇಕಾಗಿಲ್ಲ. ಇಲ್ಲಿನ ಉಣುಗು ತರುವುದು ಲೈಮ್ ಎಂಬ ಬೇರೆ ಕಾಯಿಲೆ. ಮೇ, ಜೂನ್ ತಿಂಗಳುಗಳಲ್ಲಿ ಕಾಟ ಹೆಚ್ಚು. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ, ಬಟ್ಟೆಗೆ ಪರ್ಮೆತ್ರಿನ್ ಎಂಬ ಕೀಟನಾಶಕ, ಮೈಗೆ ಡೀಟ್ ಇರುವ ಕೀಟ ಓಡಿಸುವ ಔಷಧ ಹಚ್ಚಿ, ಹುಲ್ಲು ಹೊಕ್ಕದೆ ದಾರಿಯ ನಡುವೆ ನಡೆಯಿರಿ. ಸಂಜೆ ಕಂಕುಳು, ಕಿವಿಯ ಹಿಂದೆ, ಮಂಡಿಯ ಸಂದು, ಕೂದಲ ಬುಡ ಹುಡುಕಿ ನೋಡಬೇಕು. ಕಚ್ಚಿಕೊಂಡದ್ದು ಕಂಡರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಿರಿ. ಬೆಂಕಿಕಡ್ಡಿ, ಎಣ್ಣೆಯ ಉಪಾಯಗಳು ಬೇಡ. ಸಾಮಾನ್ಯವಾಗಿ ಅದು ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಸೋಂಕು ದಾಟುವುದರಿಂದ, ದಿನವೂ ಹುಡುಕುವುದೇ ದೊಡ್ಡ ರಕ್ಷಣೆ. ಸೊಳ್ಳೆಗಳ ವಿಷಯ ಏನು ಹೇಳಲಿ, ಇರುತ್ತವೆ.

ನಡುವಿನ ದಿನ

ಮಿಸಿಸಿಪ್ಪಿಯ ಮೂಲಕ್ಕೆ ಬೆಳಿಗ್ಗೆ ಏಳರೊಳಗೆ ಹೋಗಿ. ಹತ್ತರ ನಂತರ ಅಲ್ಲಿ ಜಾತ್ರೆ. ತಲಕಾವೇರಿಯ ಹಾಗೆ ಕುಂಡಿಕೆಯಿಲ್ಲ, ಅರ್ಚಕರಿಲ್ಲ. ಮರದ ದಿಮ್ಮಿಯಲ್ಲಿ ಕೆತ್ತಿದ ಬರಹವೊಂದು ನದಿ ಇಲ್ಲಿಂದ 2,552 ಮೈಲಿ ಹರಿದು ಮೆಕ್ಸಿಕೊ ಕೊಲ್ಲಿ ಸೇರುತ್ತದೆಂದು ಹೇಳುತ್ತದೆ. ಕಲ್ಲುಗಳಿಗೆ ಪಾಚಿ ಹಿಡಿದಿರುತ್ತದೆ. ಅವುಗಳ ಮೇಲೆ ಜಿಗಿಯುವ ಬದಲು ಪಕ್ಕದಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಹಿಡಿತವಿರುವ ಚಪ್ಪಲಿ ಹಾಕಿ ದಾಟುವುದು ಹಿರಿಯರಿಗೆ ಕ್ಷೇಮ. ತಲೆಗೆ ನೀರು ಪ್ರೋಕ್ಷಿಸಿಕೊಳ್ಳುವವರನ್ನು ತಡೆಯಬೇಡಿ, ಕುಡಿಯುವವರನ್ನು ತಡೆಯಿರಿ.

ಈ ಮೂಲವನ್ನು ಕಂಡುಹಿಡಿದ ಕೀರ್ತಿ 1832ರಲ್ಲಿ ಬಂದ ಅನ್ವೇಷಕ ಹೆನ್ರಿ ಸ್ಕೂಲ್‌ಕ್ರಾಫ್ಟ್‌ಗೆ ಹೋಗಿದೆ. ದಾರಿ ಗೊತ್ತಿದ್ದದ್ದು ಅವನನ್ನು ಕರೆತಂದ ಓಜಿಬ್ವೆ ನಾಯಕ ಓಝಾವಿಂಡಿಬ್‌ಗೆ. ಮರ ಕಡಿಯುವ ಕಂಪನಿಗಳು ಸುತ್ತಲಿನ ಪೈನ್ ಕಾಡುಗಳನ್ನು ಬೋಳಿಸುತ್ತಿದ್ದಾಗ ಈ ಪ್ರದೇಶವನ್ನು ಸರ್ವೆ ಮಾಡಿದ್ದ ಜೇಕಬ್ ಬ್ರೋವರ್ ಹಟ ಹಿಡಿದದ್ದರಿಂದ 1891ರಲ್ಲಿ, ಶಾಸನಸಭೆಯಲ್ಲಿ ಕೇವಲ ಒಂದು ಮತದ ಅಂತರದಿಂದ, ಈ ಪಾರ್ಕ್ ಹುಟ್ಟಿತು. 1903ರಲ್ಲಿ ಇದರ ಹೊಣೆ ಹೊತ್ತ ಮೇರಿ ಗಿಬ್ಸ್‌ಗೆ ಆಗ 24 ವರ್ಷ. ಮರದ ಕಂಪನಿಯವರು ಕಟ್ಟೆ ಕಟ್ಟಿ ದಡದ ಮರಗಳನ್ನು ನೀರಿನಲ್ಲಿ ಮುಳುಗಿಸಿದಾಗ ಆಕೆ ತೂಬು ತೆಗೆಸಲು ಅಲ್ಲಿಗೇ ಹೋಗಿ ಬಂದೂಕಿನ ಬೆದರಿಕೆಯನ್ನು ಎದುರಿಸಿದ್ದಳು. ಮೂಲದ ಬಳಿಯ ಕೇಂದ್ರಕ್ಕೆ ಆಕೆಯದೇ ಹೆಸರು.

ಆಮೇಲೆ ಸೈಕಲ್ ಬಾಡಿಗೆಗೆ ಹಿಡಿಯಿರಿ. ಸರೋವರದ ಪೂರ್ವದ ಡಾಂಬರು ದಾರಿ ಮತ್ತು 10 ಮೈಲಿಯ ವೈಲ್ಡರ್‌ನೆಸ್ ಡ್ರೈವ್ ಸೇರಿ ಸುಮಾರು 16 ಮೈಲಿಯ ಸುತ್ತು. ವೈಲ್ಡರ್‌ನೆಸ್ ಡ್ರೈವ್‌ನಲ್ಲಿ ಏರಿಳಿತ ಇರುವುದರಿಂದ ಮಂಡಿ ಗಟ್ಟಿಯಿಲ್ಲದವರು ಅದನ್ನು ಕಾರಿನಲ್ಲಿ ಮಾಡಬಹುದು. ಪ್ರೀಚರ್ಸ್ ಗ್ರೋವ್‌ನಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಹಳೆಯ ಕೆಂಪು ಪೈನ್‌ಗಳು ಸರೋವರಕ್ಕೆ ಮುಖ ಮಾಡಿ ನಿಂತಿರುವುದು ಅಲ್ಲಿ. ಏಟನ್ ಹೈಟ್ಸ್‌ನ ನೂರು ಅಡಿಯ ಕಾಡ್ಗಿಚ್ಚು ಕಾವಲು ಗೋಪುರ ಹತ್ತಿದರೆ ಕಾಡು ಎಲ್ಲಿಯವರೆಗಿದೆ ಎಂಬುದು ತಿಳಿಯುತ್ತದೆ. ಜೂನ್ ಕೊನೆಯಲ್ಲಿ ರಸ್ತೆಯಂಚಿನಲ್ಲಿ ಅರಳುವ ಗುಲಾಬಿ-ಬಿಳಿ ಆರ್ಕಿಡ್ ರಾಜ್ಯದ ಹೂವು, ಕೀಳುವುದು ಅಪರಾಧ.

ದೋಣಿ ತೆಗೆದುಕೊಂಡರೆ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು, ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕು. ಈಜುವ ದಡದಲ್ಲಿ ಕಾವಲುಗಾರರಿಲ್ಲ. ನೀರಿನಿಂದ ಬಂದೊಡನೆ ಟವೆಲಿನಿಂದ ಗಸಗಸ ಒರೆಸಿಕೊಂಡರೆ ಕೆರೆನೀರಿನ ತುರಿಕೆ ಕಡಿಮೆ.

ಗುಡಾರ ಕೀಳುವುದು

ತಾಣವನ್ನು ಮಧ್ಯಾಹ್ನ ಹನ್ನೆರಡರೊಳಗೆ ಬಿಡಬೇಕು. ಮೊದಲು ಡೇರೆಯ ಹೊದಿಕೆಯನ್ನು ಬಿಸಿಲಿಗೆ ಹರಡಿ, ಅದು ಒಣಗುವಷ್ಟರಲ್ಲಿ ಪಾತ್ರೆ ಪಗಡ ಕಟ್ಟಿ. ಸ್ವಂತ ಕಯಾಕ್ ತಂದವರು ಜೀಬ್ರಾ ಚಿಪ್ಪುಹುಳು ಬೇರೆ ಕೆರೆಗೆ ಹೋಗದಂತೆ ಅಂಟಿದ ಕಳೆ ತೆಗೆದು, ಒಳಗಿನ ನೀರು ಬಸಿದು ಹೊರಡಬೇಕು. ಮಳೆಯಲ್ಲಿ ಕಟ್ಟಿದ ಡೇರೆಯನ್ನು ಮನೆ ತಲುಪಿದ ರಾತ್ರಿಯೇ ಗ್ಯಾರೇಜಿನಲ್ಲಿ ಬಿಚ್ಚಿ ಹರವಿ. ನಾಳೆಗೆಂದು ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಾಕಿದ ಬಟ್ಟೆಗಳನ್ನು ಒಗೆಯುವ ಮೊದಲೇ ಡ್ರೈಯರಿನ ಹೆಚ್ಚು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿದರೆ ಜೊತೆಗೆ ಬಂದ ಉಣುಗು ಸಾಯುತ್ತದೆ.