ತಿಥಿ ಗೊತ್ತು, ಇಸವಿ ಗೊತ್ತಿಲ್ಲ

ನಮ್ಮ ಮುತ್ತಜ್ಜನ ಕಾಲದವರನ್ನು ಹುಡುಕಲು ಹೊರಟರೆ ಜನನ ಪ್ರಮಾಣಪತ್ರದ ಆಸೆ ಬಿಡಬೇಕು. ದೇಶಕ್ಕೆಲ್ಲ ಅನ್ವಯಿಸುವ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಹಳೆಯ ಜನಗಣತಿ ವರದಿಗಳಲ್ಲಿ ತಲೆಯೆಣಿಕೆ ಉಂಟು, ಹೆಸರಿಲ್ಲ. ನಾನು ಹುಡುಕಿದ್ದು ಎರಡು ಕಡೆ: ಬಸವನಗುಡಿಯ ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ, ನೆಲಮಂಗಲದ ತಾಲ್ಲೂಕು ಕಚೇರಿಯಲ್ಲಿ.

ಪೆಟ್ಟಿಗೆಯಲ್ಲಿದ್ದದ್ದು ಅಪ್ಪನ ತರ್ಪಣದ ಚೀಟಿ. ಮಹಾಲಯ ಅಮಾವಾಸ್ಯೆಯ ದಿನ ಪುರೋಹಿತರು ಕೇಳಿದಾಗ ತಡವರಿಸಬಾರದೆಂದು ಬರೆದಿಟ್ಟುಕೊಂಡದ್ದು. ಎಳ್ಳುನೀರು ತಾಗಿ ಮಡಿಕೆಯ ಜಾಗದಲ್ಲಿ ಶಾಯಿ ಹರಡಿತ್ತು. ವಸು, ರುದ್ರ, ಆದಿತ್ಯ ಎಂದು ಮೂರು ತಲೆ: ಅಜ್ಜ, ಮುತ್ತಜ್ಜ, ಮುತ್ತಜ್ಜನ ಅಪ್ಪ. ಮುತ್ತಜ್ಜ ತೀರಿಕೊಂಡ ತಿಥಿಯೂ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ, ಕಾರ್ತಿಕ ಬಹುಳ ದ್ವಾದಶಿ. ಇಸವಿ ಮಾತ್ರ ಯಾರಿಗೂ ಗೊತ್ತಿಲ್ಲ.

ದೊಡ್ಡಮ್ಮನನ್ನು ಕೇಳಿದೆ. "ವಿಳಂಬಿ ಸಂವತ್ಸರದಲ್ಲಿ ಪೇಟೆ ಮನೆ ಬಿಟ್ರಂತೆ ಕಣೋ, ಮಾರಿ ಬಂದಿತ್ತಂತೆ" ಅಂದರು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ವಿಳಂಬಿ ಎಂದರೆ 1838 ಆಗಬಹುದು, 1898, 1958 ಕೂಡ. ಆದರೆ ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು ಅದರ ಬೆನ್ನಿಗೇ. ಹಿರಿಯರ ಇಂಥ ಮಾತನ್ನು ಕಟ್ಟುಕಥೆ ಎಂದು ತಳ್ಳಿಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋಗಿದ್ದೆ. ಆ ಕಾಲ ಅರ್ಥವಾಗಲು ಒಳ್ಳೆಯ ಜಾಗ, ಆದರೆ ನಮ್ಮಂಥ ಸಾಮಾನ್ಯರ ಮನೆಯವರು ಅಲ್ಲಿನ ಕಡತಗಳಲ್ಲಿ ಸಿಗುವುದು ಅಪರೂಪ.

ಸಾವಿನ ಇಸವಿಯ ಸುಳಿವು ಕೊಟ್ಟದ್ದು ಜಮೀನು. ರೆಕಾರ್ಡ್ ರೂಮಿನಲ್ಲಿ ಮನುಷ್ಯರ ಹೆಸರು ಹೇಳಿದರೆ ಏನೂ ಹುಟ್ಟುವುದಿಲ್ಲ. ಹೋಬಳಿ, ಊರು, ಸರ್ವೆ ನಂಬರ್ ಬರೆದು ನಕಲಿಗೆ ಅರ್ಜಿ ಹಾಕಬೇಕು. ನಂಬರ್ ನಮಗೆ ಸಿಕ್ಕಿದ್ದು ಹಳೆಯ ಪಾಲುಪಟ್ಟಿಯಲ್ಲಿ. ಯಜಮಾನ ಸತ್ತ ಮೇಲೆ ಜಮೀನು ಮಕ್ಕಳ ಹೆಸರಿಗೆ ಆಗುವ ಪೌತಿ ಖಾತೆಯ ನಕಲು ಕೈಗೆ ಬಂತು. ಅಷ್ಟರಲ್ಲಿ ಇನ್ನೊಂದು ತೊಡಕು: ಅದೇ ಊರಿನಲ್ಲಿ ಅದೇ ಹೆಸರಿನವರು ಇಬ್ಬರು! "ಬಿನ್" ಎಂಬುದರ ಮುಂದಿದ್ದ ತಂದೆಯ ಹೆಸರನ್ನು ಚೀಟಿಯ ಮೂರನೆಯ ತಲೆಗೆ ತಾಳೆ ಹಾಕಿದಾಗ ನಮ್ಮವರು ಯಾರೆಂದು ಖಾತ್ರಿಯಾಯಿತು.

ಪೌತಿ ಖಾತೆ ಸತ್ತ ಕೂಡಲೇ ಆಗಿರಬೇಕೆಂದಿಲ್ಲ. ವರ್ಷಗಟ್ಟಲೆ ಬಿಟ್ಟು ಮಾಡಿಸಿದವರೂ ಇದ್ದಾರೆ. ಹಾಗಾಗಿ ಸಾವು ಅದಕ್ಕಿಂತ ಹಿಂದೆ ಎಂದಷ್ಟೇ ಹಿಡಿದೆ. ಅಲ್ಲಿಯವರೆಗಂತೂ ಬದುಕಿದ್ದರು ಎನ್ನುವ ಇನ್ನೊಂದು ಗಡಿಗೆ ಮುತ್ತಜ್ಜ ತಾವೇ ರುಜು ಹಾಕಿದ ಕೊನೆಯ ಕ್ರಯಪತ್ರ ಇತ್ತು. ಎರಡರ ನಡುವೆ ಎರಡೇ ಕಾರ್ತಿಕ ಮಾಸ. ಹಳೆಯ ಪಂಚಾಂಗ ನೋಡಿ ಎರಡೂ ದ್ವಾದಶಿಗಳ ತಾರೀಖು ಬರೆದಿಟ್ಟಿದ್ದೇನೆ. ಯಾವುದು ಸರಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಜಮೀನಿನ ಕಾಗದದಲ್ಲಿ ಹೆಣ್ಣುಮಕ್ಕಳು ಕಾಣುವುದು ಕಡಿಮೆ. ವಿಧವೆಯಾದರೆ ಖಾತೆಯಲ್ಲಿ, ಅರಿಶಿನ-ಕುಂಕುಮಕ್ಕೆಂದು ತವರು ಕೊಟ್ಟರೆ ದಾನಪತ್ರದಲ್ಲಿ, ಅಷ್ಟೆ. ಮುತ್ತಜ್ಜನಿಗೆ ಮಗಳೊಬ್ಬಳಿದ್ದಳು ಎಂಬುದನ್ನು ಯಾವ ಕಚೇರಿಯೂ ಹೇಳಲಿಲ್ಲ. ಚೀಟಿಯ ಕೊನೆಯಲ್ಲಿ ಅಪ್ಪ ತಮ್ಮ ಸೋದರತ್ತೆಯ ಹೆಸರನ್ನೂ ಆಕೆಯ ಗಂಡನ ಗೋತ್ರವನ್ನೂ ಬರೆದಿದ್ದರು. ಈಗ ಆ ಗೋತ್ರ ಹಿಡಿದು, ಆ ಕಡೆಯ ಪುರೋಹಿತರ ಮನೆಗಳಲ್ಲಿ ವಿಚಾರಿಸುತ್ತಿದ್ದೇನೆ.