ಹಳೆಯ ಬೋರ್ಡು, ಹೊಸ ಗ್ರಾಫಿಕ್ಸ್ ಕಾರ್ಡು, ಕಪ್ಪು ಪರದೆ

ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕ) 2012ರಲ್ಲಿ ಕೊಂಡದ್ದು, ಇಂಟೆಲ್‌ನ ಹಳೆಯ ಎಚ್61 ಚಿಪ್‌ಸೆಟ್‌ನದು. ಅದಕ್ಕೆ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು ಹೊಂದುತ್ತದೆಯೇ ಎಂದು ಕೇಳಿದಾಗ ಎಲ್ಲರೂ "ಸ್ಲಾಟ್ ಒಂದೇ ಅಲ್ಲವೇ, ಕೂರುತ್ತದೆ" ಎಂದರು. ಕೂತಿತು, ನಿಜ. ಕಾರ್ಡು ಕೂರುವ ಆ ಸ್ಲಾಟಿನ ಮಾನದಂಡವಾದ ಪಿಸಿಐ ಎಕ್ಸ್‌ಪ್ರೆಸ್ ಹಳೆಯ ಆವೃತ್ತಿಗಳೊಂದಿಗೂ ಹೊಂದಿಕೊಳ್ಳುತ್ತದೆ. ನಾನು ಆರಿಸಿದ ಮಾದರಿ 75 ವ್ಯಾಟ್‌ನದು; ಸ್ಲಾಟಿನಿಂದಲೇ ವಿದ್ಯುತ್ ಸಾಕು, ಬೇರೆ ತಂತಿ ಬೇಡ. ಟೇಪು ಹಿಡಿದು ಅಳೆದಾಗ ಹಾರ್ಡ್ ಡಿಸ್ಕ್ ಗೂಡಿಗೂ ಕಾರ್ಡಿಗೂ ನಡುವೆ ಎರಡು ಬೆರಳು ಜಾಗವಿತ್ತು.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದೆ, ರ‍್ಯಾಮ್ ಬದಲಿಸಿದೆ. ಅರ್ಧ ಭಾನುವಾರ ಹಾಳು. ಅದೇ ಕಾರ್ಡು ಅಣ್ಣನ ಕಂಪ್ಯೂಟರಿನಲ್ಲಿ ಮೊದಲ ಸಲಕ್ಕೇ ಕೆಲಸ ಮಾಡಿದಾಗ ಅನುಮಾನ ನನ್ನ ಬೋರ್ಡಿನ ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಮೇಲೆ ಹೋಯಿತು. ಕಾರ್ಡು ತೆಗೆದು ಬೋರ್ಡಿನದೇ ವಿಜಿಎ ಕಿಂಡಿಗೆ ಮಾನಿಟರ್ ಸಿಕ್ಕಿಸಿ ನೋಡಿದರೆ, ಬಯಾಸ್ ಆವೃತ್ತಿ ಬೋರ್ಡು ಕೊಂಡ ದಿನದ್ದೇ! ಬೋರ್ಡಿನ ಮೇಲೆ ಅಚ್ಚಾಗಿದ್ದ ಮಾದರಿ ಮತ್ತು ರಿವಿಷನ್ ಸಂಖ್ಯೆ ಎರಡನ್ನೂ ತಾಳೆ ನೋಡಿ, ತಯಾರಕರ ಜಾಲತಾಣದಿಂದ ಕೊನೆಯ ಆವೃತ್ತಿ ಇಳಿಸಿಕೊಂಡು ಪೆನ್‌ಡ್ರೈವ್‌ನಿಂದ ಹಾಕಿದೆ. ಯುಪಿಎಸ್ ಇದ್ದರೂ ಆ ಮೂರು ನಿಮಿಷ ಉಸಿರು ಬಿಗಿಹಿಡಿದೇ ಕೂತಿದ್ದೆ. ನಡುವೆ ಕಂಪ್ಯೂಟರ್ ಆರಿಹೋಗಿದ್ದರೆ ಬೋರ್ಡೇ ಕೈಕೊಡಬಹುದಿತ್ತು. ಮತ್ತೆ ಕಾರ್ಡು ಕೂರಿಸಿ, ಮಾನಿಟರ್ ತಂತಿಯನ್ನು ಬೋರ್ಡಿನಿಂದ ತೆಗೆದು ಕಾರ್ಡಿಗೇ ಸಿಕ್ಕಿಸಿದೆ. ಚಿತ್ರ ಬಂತು.