ಸ್ಪೈಕ್ ಪ್ರೋಟೀನಿಗೆ ಫ್ರಿಜ್ ಆಗಿಬರಲಿಲ್ಲ

"ಸ್ಪೈಕನ್ನು ಫ್ರಿಜ್‌ನಲ್ಲಿ ಇಡಬೇಡಿ, 37 ಡಿಗ್ರಿಯಲ್ಲಿ ಇಡಿ" ಅಂತ ಲ್ಯಾಬ್ ಮೀಟಿಂಗ್‌ನಲ್ಲಿ ಹೇಳಿದಾಗ ಸೀನಿಯರ್ ಒಬ್ಬರು "ಏನಮ್ಮಾ, ಹೆಪ್ಪು ಹಾಕ್ತಿದ್ದೀಯಾ?" ಅಂದರು. ಎಲ್ಲರೂ ನಕ್ಕರು. ಈಗ ಅವರ ಟ್ಯೂಬೂ ನನ್ನ ಇನ್‌ಕ್ಯುಬೇಟರ್‌ನಲ್ಲೇ ಇದೆ.

ಸ್ಪೈಕ್ ಅಂದರೆ ಕೊರೊನಾ ವೈರಸ್ ಮೈಮೇಲಿನ ಮುಳ್ಳು, ಮೂರು ಎಳೆ ಜಡೆಯ ಹಾಗೆ ಸೇರಿಕೊಂಡ ಪ್ರೋಟೀನ್. ನಮ್ಮದು ಕೊರೊನಾದ ಮೊದಲ ಸ್ಪೈಕ್, ಅದು ಗಟ್ಟಿಯಾಗಿರಲಿ ಅಂತ 986 ಮತ್ತು 987ನೇ ಜಾಗದಲ್ಲಿ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಹಾಕಿದ ಹಳೇ ವಿನ್ಯಾಸ. ಒಂದು ಬ್ಯಾಚ್‌ಗೆ ಎಲ್ಲಾ ಸೇರಿ ನಲವತ್ತು ಸಾವಿರದ ಹತ್ತಿರ. ಲೀಟರಿಗೆ ಒಂದು ಮಿಲಿಗ್ರಾಮ್ ಸಿಕ್ಕರೆ ಅವತ್ತು ಹಬ್ಬ. ಅದನ್ನು 4 ಡಿಗ್ರಿಯಲ್ಲಿ ಜೋಪಾನವಾಗಿ ಇಟ್ಟೆ. ವಾರ ಬಿಟ್ಟು ಎಲೈಸಾ (ಆಂಟಿಬಾಡಿ ಅಂಟುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿದರೆ 2ಜಿ12 ಅನ್ನೋ ಆಂಟಿಬಾಡಿ ಹೆಚ್ಚುಕಡಿಮೆ ಅಂಟಲೇ ಇಲ್ಲ. ಆದರೆ ಸಿಆರ್3022 ಅನ್ನೋ ಇನ್ನೊಂದು ಆಂಟಿಬಾಡಿ ಮೊದಲಿಗಿಂತ ಜಾಸ್ತಿ ಅಂಟಿತು, ಜೆಲ್‌ನಲ್ಲಿ ಬ್ಯಾಂಡ್ ಕೂಡ ಚೆನ್ನಾಗಿತ್ತು, ಹಾಗಾಗಿ ಪ್ರೋಟೀನ್ ಸರಿಯಿದೆ, 2ಜಿ12 ಕೆಟ್ಟಿದೆ ಅಂದುಕೊಂಡು ಹೊಸ ಆಂಟಿಬಾಡಿ ತರಿಸಿದೆ. ಮತ್ತೆ ದುಡ್ಡು. ಅಲ್ಲೇ ಎಡವಿದ್ದು. ಸಿಆರ್3022 ಹಿಡಿಯುವ ಜಾಗ ಸ್ಪೈಕ್ ಮುಚ್ಚಿಕೊಂಡಿರುವಾಗ ಒಳಗೆ ಅಡಗಿರುತ್ತದೆ. ಅದು ಜಾಸ್ತಿ ಅಂಟಿತು ಅಂದರೆ ಮೂರು ಎಳೆಯ ಜಡೆ ಬಿಚ್ಚಿಕೊಂಡಿದೆ ಅಂತ ಅರ್ಥ, ಖುಷಿಪಡುವ ವಿಷಯ ಅಲ್ಲ. 2ಜಿ12ಗೆ ಜಡೆ ಹೆಣೆದೇ ಇರಬೇಕು.

ಮೂರು ಬ್ಯಾಚ್ ಹೀಗೇ ಹೋಯಿತು. ಪ್ರೋಟೀನ್ ಶುದ್ಧ ಮಾಡುವ ಕಾಲಂ ಬೈದೆ, ನೀರು ಬೈದೆ. ಆಮೇಲೆ ಡಿಸೆಂಬರಿನಲ್ಲಿ ಒಂದು ಟ್ಯೂಬ್ ಶುಕ್ರವಾರದಿಂದ ಸೋಮವಾರದ ತನಕ ಬೆಂಚಿನ ಮೇಲೇ ಮರೆತುಹೋಗಿತ್ತು. ಬೆಂಗಳೂರಿನ ಚಳಿ ಗೊತ್ತಲ್ವಾ, ಲ್ಯಾಬ್ ಒಳಗೆ 22ರ ಆಸುಪಾಸು. ಸುಮ್ನೆ ಎಲೈಸಾ ಪ್ಲೇಟಿಗೆ ಹಾಕಿದೆ. 2ಜಿ12 ಚೆನ್ನಾಗಿ ಅಂಟಿತ್ತು! ಹುಡುಕಿದರೆ, ಈ ಸ್ಪೈಕ್ 4 ಡಿಗ್ರಿಯಲ್ಲಿ ಕೆಡುತ್ತದೆ ಅಂತ 2021ರಲ್ಲೇ ಪ್ರಕಟವಾಗಿದೆ, ನಾವೇ ಓದಿರಲಿಲ್ಲ. ಫ್ರಿಜ್‌ನಲ್ಲಿ ಕೆಟ್ಟಿದ್ದನ್ನು 37ರಲ್ಲಿ ಮೂರು ಗಂಟೆ ಇಟ್ಟೆ, ಬಹುಪಾಲು ವಾಪಸ್ ಬಂತು. ಈಗ -80ರಿಂದ ತೆಗೆದರೂ ಮೊದಲು ಬೆಚ್ಚಗೆ ಮಾಡಿಯೇ ಮುಂದಿನ ಕೆಲಸ. ಬಫರ್‌ಗೆ ಒಂದು ಸಣ್ಣ ವಸ್ತು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ಮಧ್ಯೆ ಇನ್ನೊಂದು ತಲೆಹರಟೆ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನವರು (ಐಐಎಸ್‌ಸಿ) ಒಣಗಿಸಿದ ಆರ್‌ಬಿಡಿ, ಅಂದರೆ ಸ್ಪೈಕ್ ನಮ್ಮ ಜೀವಕೋಶವನ್ನು ಹಿಡಿಯುವ ತುಂಡು, 100 ಡಿಗ್ರಿಯಲ್ಲಿ 90 ನಿಮಿಷ ತಡೆದಿತ್ತಲ್ಲ, ನಾನು ನಮ್ಮ ಮಾಮೂಲಿ ಆರ್‌ಬಿಡಿಯನ್ನು ಒಣಗಿಸದೆ ದ್ರವದಲ್ಲೇ ಕಾಯಿಸಿ ನೋಡಿದೆ. ಟ್ಯೂಬಲ್ಲಿ ಮೊಸರಾಯಿತು. ಸೀನಿಯರ್‌ಗೆ ತೋರಿಸಲಿಲ್ಲ.

ಆರು ಪ್ರೋಲಿನ್ ಇರುವ ಹೆಕ್ಸಾಪ್ರೋ ತಗೊಂಡರೆ ಈ ಚಳಿಯ ಕಾಟ ಬಹಳ ಕಡಿಮೆ. ಆದರೆ ಎರಡು ವರ್ಷದ ಡೇಟಾ ಹಳೇ ಸ್ಪೈಕಲ್ಲೇ ಇದೆ, ಅದು ಮುಗಿಯುವ ತನಕ ಇನ್‌ಕ್ಯುಬೇಟರ್‌ನ ಮೇಲಿನ ಶೆಲ್ಫ್ ನನ್ನದು.